ಕೂಸನ್ನು ‘ರಮಿಸಬಹುದೇ’?

ಪ್ರಶ್ನೆ: ಏಳನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪ್ರಬಂಧವೊಂದರಲ್ಲಿ ‘ಅಳುವ ಕೂಸನ್ನು ಅವ್ವ ರಮಿಸಿದಳು’ ಎಂದು ಬರೆದಿದ್ದಳು. ಅವಳ ಗುರುಗಳು, ಅದು ಮಕ್ಕಳ ವಿಷಯದಲ್ಲಿ ಬಳಸುವ ಪದವಲ್ಲವೆಂದು ಕೆಂಪು ಗೀಟು ಎಳೆದು, ‘ಸಂತೈಸಿದಳು’ ಎಂದು ತಿದ್ದಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಆಡುವ ಮಾತು ತಪ್ಪೇ? ಬಸವಣ್ಣನವರು ‘ತನುವ ಸಂತೈಸಿಕೊಳ್ಳಿ’ ಎಂದಿರುವಲ್ಲಿಯೂ ಸಂತೈಸುವುದೆಂದರೆ ಇದೇ ಅರ್ಥವೇ? ದಯವಿಟ್ಟು ತಿಳಿಸಿರಿ.
— ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಮೊಮ್ಮಗಳು ಬರೆದದ್ದು ಸರಿಯಾಗಿದೆ. ಗುರುಗಳ ಅಳುಕಿಗೂ ಕಾರಣವಿಲ್ಲದೆ ಇಲ್ಲ, ಏಕೆಂದರೆ ಕಾವ್ಯಗಳಲ್ಲಿ ಮತ್ತು ದಕ್ಷಿಣದ ಬರವಣಿಗೆಯಲ್ಲಿ ‘ರಮಿಸು’ ಎಂಬುದು ಹೆಚ್ಚಾಗಿ ಗಂಡುಹೆಣ್ಣಿನ ಸರಸವನ್ನೇ ಸೂಚಿಸುತ್ತದೆ. ಆದರೆ ವಿಭಕ್ತಿಯನ್ನು ಗಮನಿಸಿದರೆ ಗೊಂದಲ ಉಳಿಯುವುದಿಲ್ಲ. ‘ಆಕೆಯೊಡನೆ ರಮಿಸಿದನು’ ಎಂಬಲ್ಲಿ ನಲಿಯುವವನು ಕರ್ತೃವೇ. ‘ಕೂಸನ್ನು ರಮಿಸಿದಳು’ ಎಂಬಲ್ಲಿ ನಲಿಯಬೇಕಾದದ್ದು ಕೂಸು. ನಮ್ಮ ‘ಇಸು’ ಪ್ರತ್ಯಯವು ‘ಚಿಂತಿಸು’ ಎಂಬಲ್ಲಿ ಸಂಸ್ಕೃತದ ಪದವನ್ನು ಕನ್ನಡದ ಕ್ರಿಯಾಪದವನ್ನಾಗಿ ಮಾಡುವ ಕೆಲಸವನ್ನಷ್ಟೇ ಮಾಡಿದರೆ, ‘ನಗಿಸು’, ‘ಉಣಿಸು’ ಎಂಬಲ್ಲಿ ಇನ್ನೊಬ್ಬರಿಂದ ಮಾಡಿಸುವ ಅರ್ಥವನ್ನು ಕೊಡುತ್ತದೆ. ‘ರಮಿಸು’ ಪದದಲ್ಲಿ ಆ ಎರಡೂ ಕೆಲಸಗಳಿಗೆ ಎಡೆಯುಂಟು. ನಮ್ಮ ಕಡೆಯ ಮನೆಮಾತು ಎರಡನೆಯದನ್ನು ಹಿಡಿದಿದೆ. ಬಾಯಲ್ಲಿ ಅದು ‘ರಮಸು’ ಎಂದಾಗುವುದು ‘ಕೂಡಿಸು’ ಎಂಬುದು ‘ಕೂಡಸು’ ಆದಂತೆಯೇ.

ಇದರ ಮೂಲವಾದ ‘ರಮ್’ ಧಾತುವಿಗೆ ವೇದಗಳ ಭಾಷೆಯಲ್ಲಿ ನಿಲ್ಲಿಸು, ಶಾಂತಗೊಳಿಸು ಎಂಬ ಅರ್ಥಗಳೂ ಇದ್ದವು. ‘ವಿರಾಮ’ ಹುಟ್ಟಿದ್ದು ಅದೇ ಧಾತುವಿನಿಂದ. ಆದಿಲಶಾಹಿಗಳ ಊರಿನವರಾದ ನೀವು ದಿನಕ್ಕೆ ಹತ್ತು ಸಲ ‘ಆರಾಮ ಅದೀರೇನ್ರಿ’ ಎಂದು ಕೇಳುತ್ತೀರಲ್ಲ, ಪಾರಸಿಯ ಆ ‘ಆರಾಮ’ವೂ ಇದೇ ಬಳಗಕ್ಕೆ ಸೇರಿದ್ದು.

ಹಾಗೆಂದು ರಮಿಸುವುದೂ ಸಂತೈಸುವುದೂ ಒಂದೇ ಅಲ್ಲ. ರಮಿಸುವುದರಲ್ಲಿ ಪುಸಲಾಯಿಸುವಿಕೆ ಇದೆ: ಹಟ ಹಿಡಿದ ಮಗುವಿಗೆ ಅಂಗಳದ ಕಾಗೆ ತೋರಿಸಿ, ಬೆಲ್ಲದ ಚೂರು ಕೊಟ್ಟು, ಅಳುವಿನ ಕಾರಣವನ್ನೇ ಮರೆಯಿಸುವುದು. ಮುನಿಸಿಕೊಂಡ ಅಳಿಯನನ್ನೂ ರಮಿಸಿ ಊಟಕ್ಕೆ ಕೂಡ್ರಿಸುತ್ತಾರೆ. ಸಂತೈಸುವುದರಲ್ಲಿ ದುಃಖ ನಿಜವೆಂದು ಒಪ್ಪಿಕೊಂಡ ಭಾವವಿದೆ. ಅಲ್ಲಿ ಮರೆಯಿಸುವ ಆಟವಿಲ್ಲ. ಸಾವಾದ ಮನೆಗೆ ಹೋದವರು ಆ ಮನೆಯವರನ್ನು ರಮಿಸಿ ಬಂದೆವೆಂದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ಅಲ್ಲಿ ‘ಸಮಾಧಾನ ಹೇಳಿ ಬಂದೆವು’ ಎನ್ನಬೇಕು, ಇಲ್ಲವೆ ನಮ್ಮ ಕಡೆಯವರಂತೆ ‘ಮಾತಾಡಿಸಿಕೊಂಡು ಬಂದೆವು’ ಎಂದರೂ ಸಾಕು. ಇತ್ತೀಚೆಗೆ ಪತ್ರಿಕೆಗಳು ಬಳಸುವ ‘ಸಾಂತ್ವನ ಹೇಳಿದರು’ ಎಂಬುದು ತಪ್ಪಲ್ಲ, ಆದರೆ ನನಗೆ ಅದು ತುಸು ಬಿಗಿಯಾಗಿ ಕೇಳಿಸುತ್ತದೆ. ಆದ್ದರಿಂದ ಕೂಸು ಹಸಿವಿನಿಂದಲೋ ಹಟದಿಂದಲೋ ಅತ್ತಿದ್ದರೆ ಮೊಮ್ಮಗಳ ಪದವೇ ಇರಲಿ. ಬಿದ್ದು ಪೆಟ್ಟಾಗಿ ಅತ್ತಿದ್ದರೆ ಗುರುಗಳ ತಿದ್ದುಪಡಿಯೂ ಹೊಂದುತ್ತದೆ.

ಇನ್ನು ವಚನದ ವಿಚಾರ. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಎಂದು ಆರಂಭವಾಗುವ ಅದರಲ್ಲಿ ‘ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ’ ಎಂಬ ಮಾತುಗಳಿವೆ. ಇಂದಿನ ಅರ್ಥದಲ್ಲಿ ಓದಿದರೆ, ಮೈಮನಸ್ಸುಗಳಿಗೆ ಸಮಾಧಾನ ಹೇಳಿಕೊಂಡು ಸುಮ್ಮನಿರಿ ಎಂದಂತಾಗುತ್ತದೆ. ಆದರೆ ಮುಂದಿನ ಸಾಲಿನಲ್ಲಿ, ನೆರೆಮನೆಯ ದುಃಖಕ್ಕೆ ಅಳುವವರನ್ನು ಕೂಡಲಸಂಗಮದೇವನು ಮೆಚ್ಚನೆಂದು ಅಣ್ಣನವರು ಕಟುವಾಗಿಯೇ ಹೇಳುತ್ತಾರೆ. ಅಂಥ ಮಾತಿನ ಬೆನ್ನಿಗೆ ಬರಿಯ ಸಮಾಧಾನದ ಅರ್ಥ ಸಪ್ಪೆಯಾಗುತ್ತದೆ. ‘ಹದಕ್ಕೆ ತಂದುಕೊಳ್ಳಿ’ ಎಂದು ಓದಿರಿ. ಆಗ ಅದು ಮೊದಲ ಸಾಲಿನ ‘ತಿದ್ದುವಿರಿ’ ಎಂಬ ಪದಕ್ಕೆ ನೇರ ಉತ್ತರವಾಗಿ ನಿಲ್ಲುತ್ತದೆ.