‘ಅದು ಮಾತ್ರೆಯ ಸಿಟ್ಟು’ ಅಂದರೆ ಮುಗಿಯಿತೇ?

ಸುಮಾ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದದ್ದು ಸಿಟ್ಟಿನ ವಿಷಯಕ್ಕೆ. (ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) ಮೊದಲ ಭೇಟಿಯ ಫಾರ್ಮ್‌ನಲ್ಲಿ ‘ಸಿಟ್ಟು ತಡೆಯೋಕೆ ಆಗ್ತಿಲ್ಲ, ಮನೆಯಲ್ಲಿ ದಿನಾ ಜಗಳ’ ಎಂದು ಬರೆದಿದ್ದರು. ಕಾಯಿಲೆಗಳ ಜಾಗದಲ್ಲಿ ‘ಕ್ರೋನ್ಸ್’ ಎಂಬ ಒಂದೇ ಪದ ಇತ್ತು. ಔಷಧಿಗಳ ಜಾಗ ಖಾಲಿ.

ಆ ಖಾಲಿ ಜಾಗವೇ ನನ್ನ ಕಣ್ಣಿಗೆ ಬಿತ್ತು. ಕ್ರೋನ್ಸ್ ಕರುಳಿನಲ್ಲಿ ಉರಿಯೂತ ತರುವ, ದೀರ್ಘಕಾಲ ಉಳಿಯುವ ಕಾಯಿಲೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿಡುವ ಔಷಧಿಗಳಿವೆ. ಅದಿರುವವರು ಏನೂ ತೆಗೆದುಕೊಳ್ಳದೆ ಇರುವುದು ಕಡಿಮೆ. ಕೇಳಿದೆ. ಸುಮಾ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದರು. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

ಆಮೇಲೆ ವಿಷಯ ಹೊರಬಂತು. ಕಾಯಿಲೆ ಜೋರಾದಾಗ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ದಿನಕ್ಕೆ 40 ಮಿಲಿಗ್ರಾಂನಂತೆ ಶುರು ಮಾಡಿದ್ದರು. ಹೊಟ್ಟೆನೋವು, ಭೇದಿ ಬೇಗ ಇಳಿದವು. ಆದರೆ ಮುಖ ಊದಿ ದುಂಡಗಾಯಿತು. ಮೊಡವೆ ಎದ್ದವು. ಎಷ್ಟು ತಿಂದರೂ ಹಸಿವು, ರಾತ್ರಿ ಎರಡಕ್ಕೇ ಎಚ್ಚರ. ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಸುತ್ತಾ ಬನ್ನಿ ಎಂದು ವೈದ್ಯರು ಬರೆದುಕೊಟ್ಟಿದ್ದರು. “25ಕ್ಕೆ ಬಂದಾಗ ಪೂರ್ತಿ ಬಿಟ್ಟುಬಿಟ್ಟೆ ಮೇಡಂ. ನಾಲ್ಕು ದಿನ ಆಯ್ತು. ಯಾರಿಗೂ ಹೇಳಿಲ್ಲ. ಕನ್ನಡಿಯಲ್ಲಿ ಕಾಣೋ ಮುಖ ನಂದಲ್ಲ ಅನ್ನಿಸ್ತಿತ್ತು.” ಬಿಟ್ಟ ಮೇಲೆ ವಿಪರೀತ ಸುಸ್ತು, ವಾಕರಿಕೆ, ಕೀಲುನೋವು. ಎದ್ದು ನಿಂತರೆ ತಲೆಸುತ್ತು. ಇದೆಲ್ಲ ಮನಸ್ಸು ಕುಗ್ಗಿದ್ದಕ್ಕೆ ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು.

ಸಿಟ್ಟಿನ ಮಾತನ್ನು ಅವತ್ತಿಗೆ ಬದಿಗಿಟ್ಟೆವು. ಸ್ಟಿರಾಯ್ಡನ್ನು ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿಬಿಟ್ಟಿರಬಹುದು. ಹೊರಗಿನಿಂದ ಬರುತ್ತಿದೆಯಲ್ಲ ಎಂದು ದೇಹ ತನ್ನದೇ ಸ್ಟಿರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಆಗ ಮಾತ್ರೆ ದಿಢೀರನೆ ನಿಂತರೆ ಎರಡೂ ಇಲ್ಲದಂತಾಗುತ್ತದೆ. ರಕ್ತದೊತ್ತಡ ಕುಸಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಡೋಸನ್ನು ಹಂತಹಂತವಾಗಿ ಇಳಿಸುವುದು ಆ ಗ್ರಂಥಿಗಳು ಮತ್ತೆ ಚುರುಕಾಗಲಿ ಎಂದು. ಇಷ್ಟನ್ನು ವಿವರಿಸಿ, ಇದು ಇವತ್ತೇ ವೈದ್ಯರಿಗೆ ಹೇಳಬೇಕಾದ ವಿಷಯ ಎಂದೆ.

“ಬೈತಾರೆ” ಎಂದರು ಸುಮಾ.

ಬೈಗುಳದ ಭಯಕ್ಕೆ ಔಷಧಿ ಬಿಟ್ಟದ್ದನ್ನು ಮುಚ್ಚಿಡುವವರನ್ನು ನಾನು ತುಂಬಾ ನೋಡಿದ್ದೇನೆ. ಓದಿಕೊಂಡವರೂ ಅದರಲ್ಲಿ ಇದ್ದಾರೆ. ಇಂಥವರಿಗೆ ಧೈರ್ಯ ತುಂಬುವುದಕ್ಕಿಂತ ಹೇಳಬೇಕಾದ ಮಾತನ್ನೇ ಸಿದ್ಧ ಮಾಡಿಕೊಡುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಇಬ್ಬರೂ ಕೂತು ಬರೆದೆವು: ‘ಪ್ರೆಡ್ನಿಸೊಲೋನ್ 25ರಲ್ಲಿದ್ದಾಗ ನಾನೇ ನಿಲ್ಲಿಸಿದೆ, ನಾಲ್ಕು ದಿನ ಆಯಿತು. ಎದ್ದರೆ ತಲೆ ಸುತ್ತುತ್ತಿದೆ, ವಾಕರಿಕೆ ಇದೆ.’ ಕಾರಣ, ಕ್ಷಮೆ ಎಲ್ಲ ಆಮೇಲೆ. ನನ್ನ ಎದುರೇ ಫೋನ್ ಮಾಡಿ ಅದನ್ನು ಓದಿದರು. ತಕ್ಷಣ ಬರಲು ಹೇಳಿದ ವೈದ್ಯರು ಪರೀಕ್ಷೆ ಮಾಡಿ, ಮಾತ್ರೆ ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ ಇಳಿಸುವ ಪಟ್ಟಿ ಕೊಟ್ಟರು. ಬೈದರಾ? ಸ್ವಲ್ಪ ಬೈದರಂತೆ.

ಸಿಟ್ಟಿನ ಮಾತಿಗೆ ಬಂದದ್ದು ಮುಂದಿನ ಭೇಟಿಗಳಲ್ಲಿ. ಸ್ಟಿರಾಯ್ಡ್ ಮನಸ್ಸಿನ ಮೇಲೂ ಕೆಲಸ ಮಾಡುತ್ತದೆ. ಕೆಲವರಿಗೆ ವಿಪರೀತ ಉಮೇದು, ಕೆಲವರಿಗೆ ಅಳು, ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ. ಡೋಸ್ ಹೆಚ್ಚಿದಷ್ಟೂ ಸಾಧ್ಯತೆ ಹೆಚ್ಚು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಲು ಹೇಳಿದೆ: ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಷ್ಟು ತಾಸು ನಿದ್ದೆ, ಸಿಟ್ಟಿಗೆ ಹತ್ತರಲ್ಲಿ ಎಷ್ಟು ಅಂಕ. ಪುಟ ತುಂಬುವ ಹೊತ್ತಿಗೆ ಎರಡು ಸಂಗತಿ ಕಂಡವು. ನಿದ್ದೆಗೆಟ್ಟ ರಾತ್ರಿಯ ಮರುದಿನವೇ ಸಿಟ್ಟಿನ ಅಂಕ ಏರುತ್ತಿತ್ತು. ಮತ್ತೆ, ಹೊಟ್ಟೆಗೆ ಹಗುರ ಆಗಲಿ ಎಂದು ಸುಮಾ ದಿನದ ಮಾತ್ರೆಗಳಲ್ಲಿ ಅರ್ಧದಷ್ಟನ್ನು ರಾತ್ರಿ ನುಂಗುತ್ತಿದ್ದರು. ವೈದ್ಯರನ್ನು ಕೇಳಿಕೊಂಡು ಎಲ್ಲವನ್ನೂ ಬೆಳಿಗ್ಗೆ ತಿಂಡಿಯ ನಂತರಕ್ಕೆ ಬದಲಿಸಿದರು. ನಿದ್ದೆ ಸುಧಾರಿಸಿತು.

ಇಷ್ಟಕ್ಕೇ ಗಂಡನಿಗೆ ಖುಷಿಯಾಗಿಬಿಟ್ಟಿತು. “ನೋಡಿ ಮೇಡಂ, ನಾನು ಅವತ್ತಿಂದ ಹೇಳ್ತಿದೀನಿ, ಸಿಟ್ಟು ಇವಳದಲ್ಲ, ಮಾತ್ರೇದು.” ಅವರು ಹೇಳಿದ್ದು ಪ್ರೀತಿಯಿಂದಲೇ. ಸುಮಾ ಮಾತ್ರ ಕುದಿಯುತ್ತಿದ್ದರು. “ರೀ, ನನ್ನ ಕಾಯಿಲೆ ವಿಷಯ ನನ್ನ ಕೇಳದೆ ಎಲ್ಲರಿಗೂ ಹೇಳಿಕೊಂಡು ಬಂದ್ರಲ್ಲ, ಅದೂ ಮಾತ್ರೇನಾ?”

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಪ್ರಶ್ನೆ. ಅಡ್ಡಪರಿಣಾಮದ ಬಗ್ಗೆ ತಿಳಿದುಕೊಂಡ ಮನೆಯವರು ಎಷ್ಟೋ ಸಲ ರೋಗಿಯ ಮಾತನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಪ್ರತಿ ದೂರಿಗೂ ‘ಇವತ್ತು ಡೋಸ್ ಎಷ್ಟು?’ ಎಂಬ ಉತ್ತರ. ಸ್ಟಿರಾಯ್ಡ್ ದನಿಯನ್ನು ಎತ್ತರಿಸಿರಬಹುದು, ದೂರು ನಿಜವೇ ಆಗಿತ್ತು. ಒಂದು ಒಪ್ಪಂದ ಮಾಡಿಸಿದೆ. ಜಗಳದ ನಡುವೆ ಗಂಡ ಮಾತ್ರೆಯ ಹೆಸರು ಎತ್ತುವಂತಿಲ್ಲ. ಸುಮಾ ಬೇಕಾದರೆ ಎತ್ತಬಹುದು: “ರಾತ್ರಿ ನಿದ್ದೆ ಆಗಿಲ್ಲ, ಈಗ ಬೇಡ, ಸಂಜೆ ಮಾತಾಡೋಣ.” ಸಂಜೆ ಆ ಮಾತು ನಡೆಯಲೇಬೇಕು. ಕಾಯಿಲೆಯ ವಿಷಯ ಯಾರಿಗೆ ತಿಳಿಯಬೇಕು ಎಂಬುದನ್ನು ಸುಮಾ ಒಬ್ಬರೇ ತೀರ್ಮಾನಿಸುತ್ತಾರೆ. ಗಂಡ ಒಪ್ಪಿದರು. ಆಗಾಗ ಬಾಯಿ ಜಾರುತ್ತದಂತೆ.

ಸುಮಾಗೆ ಇನ್ನೊಂದು ಭಯ ಇದ್ದದ್ದು ಅಜಥಯೊಪ್ರಿನ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯ ಬಗ್ಗೆ. ಸ್ಟಿರಾಯ್ಡನ್ನು ವರ್ಷಗಟ್ಟಲೆ ಮುಂದುವರಿಸಿದರೆ ಮೂಳೆ ಸವೆತ, ಸಕ್ಕರೆ ಏರುವುದು, ಕಣ್ಣಿನ ಪೊರೆ ಹೀಗೆ ತೊಂದರೆ ಬೆಳೆಯುತ್ತವೆ. ಅದಕ್ಕೇ ಕಾಯಿಲೆಯನ್ನು ತಹಬದಿಯಲ್ಲಿಡಲು ಬೇರೆ ಔಷಧಿ ಬೇಕು. ಅಜಥಯೊಪ್ರಿನ್ ಪೂರ್ತಿ ಕೆಲಸ ತೋರಿಸಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಸುಮಾ ಅದರ ಡಬ್ಬಿಯಲ್ಲಿದ್ದ ಹಾಳೆಯಲ್ಲಿ ‘ಲಿಂಫೋಮಾ’ (ದುಗ್ಧಗ್ರಂಥಿಗಳ ಕ್ಯಾನ್ಸರ್) ಎಂಬ ಪದ ಓದಿ ಡಬ್ಬಿಯನ್ನು ಮುಚ್ಚಿಟ್ಟಿದ್ದರು. ನಾವು ಆ ಹಾಳೆಯನ್ನು ಜೊತೆಯಲ್ಲಿ ಓದಿದೆವು. ಇಂಥ ಹಾಳೆಗಳಲ್ಲಿ ಸಾಮಾನ್ಯವಾಗಿ ‘ತುಂಬಾ ಸಾಮಾನ್ಯ’ ಎಂದರೆ 10ರಲ್ಲಿ ಒಬ್ಬರಿಗೆ ಅಥವಾ ಹೆಚ್ಚು ಜನರಿಗೆ ಆಗುವಂಥದ್ದು. ‘ಅಪರೂಪ’ ಎಂದರೆ 1,000ದಲ್ಲಿ ಒಬ್ಬರಿಗಿಂತ ಕಡಿಮೆ. ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತವೆ, ಹೆದರಿದವರ ಕಣ್ಣು ಭಯಂಕರವಾದದ್ದರ ಮೇಲೇ ನಿಲ್ಲುತ್ತದೆ. ಲಿಂಫೋಮಾ ಅಪಾಯ ಸ್ವಲ್ಪ ಏರುವುದು ನಿಜ, ಅದನ್ನು ಸುಳ್ಳು ಎಂದು ನಾನು ಹೇಳಲಿಲ್ಲ. ಅದಕ್ಕಿಂತ ಮೊದಲು ಗಮನ ಇರಬೇಕಾದದ್ದು ಬಿಳಿ ರಕ್ತಕಣ ಇಳಿಯುವುದರ ಮೇಲೆ. ರಕ್ತಪರೀಕ್ಷೆಯನ್ನು ಶುರುವಿನಲ್ಲಿ ಆಗಾಗ, ಆಮೇಲೂ ತಪ್ಪದೆ ಮಾಡಿಸುವುದು ಅದಕ್ಕಾಗಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಪಟ್ಟಿ ಮಾಡಿಸಿ, ವೈದ್ಯರಿಗೂ ತೋರಿಸಿ ಬನ್ನಿ ಎಂದೆ. ಜ್ವರ, ಗಂಟಲುನೋವು, ಸುಮ್ನೆ ಮೈಮೇಲೆ ಏಳುವ ನೀಲಿ ಕಲೆ, ಕಣ್ಣು ಹಳದಿಯಾಗುವುದು, ವಾಂತಿಯ ಜೊತೆ ಬೆನ್ನಿಗೆ ಹರಡುವ ಮೇಲುಹೊಟ್ಟೆಯ ನೋವು: ಅವತ್ತೇ ಫೋನ್. ಆ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ್ದಿರಬಹುದು, ಅದು ಹೆಚ್ಚಾಗಿ ಅಜಥಯೊಪ್ರಿನ್ ಶುರು ಮಾಡಿದ ಮೊದಲ ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ಮುಖದ ಊತ, ಮೊಡವೆ, ಹಸಿವು, ಕೂದಲು ಉದುರುವುದು: ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು, ಆದರೆ ಹೇಳಲೇಬೇಕು.

ಡೋಸ್ ಇಳಿದಂತೆ ಮುಖದ ಊತ ಇಳಿಯುತ್ತಿದೆ. ಅಜಥಯೊಪ್ರಿನ್‌ನ ವಾಕರಿಕೆ ಮಾತ್ರ ಬಿಡುತ್ತಿಲ್ಲ. ಇದು ಹೊಂದದಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್ನೊಂದು ಔಷಧಿ ಇನ್‌ಫ್ಲಿಕ್ಸಿಮಾಬ್ ನೋಡೋಣ ಎಂದಿದ್ದಾರೆ ವೈದ್ಯರು. ಅದಕ್ಕೆ ಮುಂಚೆ ಕ್ಷಯ ಅಡಗಿದೆಯೇ ಎಂದು ಪರೀಕ್ಷೆ ಆಗಬೇಕು, ಬಾಕಿ ಇರುವ ಲಸಿಕೆಗಳ ಬಗ್ಗೆಯೂ ಕೇಳಬೇಕು. ಮಗುವಿನ ಯೋಚನೆ ಇದೆ ಎಂಬುದನ್ನು ಸುಮಾ ವೈದ್ಯರಿಗೆ ಇನ್ನೂ ಹೇಳಿಲ್ಲ. ಈ ಕಾಯಿಲೆಗೆ ಬಳಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಿಯನ್ನು ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ. ಹಾಗಾಗಿ ಮುಂದಿನ ಭೇಟಿಗೆ ಬರೆದುಕೊಂಡಿರುವ ಪ್ರಶ್ನೆಗಳಲ್ಲಿ ಅದನ್ನೇ ಮೊದಲನೆಯದಾಗಿ ಹಾಕಿಸಿದ್ದೇನೆ.