ಹೊಸ ಕಾಂಪೌಂಡ್ ಬಿಲ್ಲಿಗೆ ಬಾಣ: 300, 400, 500ರಲ್ಲಿ ಯಾವುದು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಎಳೆತದ ಬಲವನ್ನು 60 ಪೌಂಡಿನವರೆಗೆ ಏರಿಸಬಹುದಾದ ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಬಿಲ್ಲು) ಸದ್ಯ 45ಕ್ಕೆ ಇಳಿಸಿಟ್ಟುಕೊಂಡಿದ್ದೀರಿ, ರಿಲೀಸ್ (ಹೆದೆಯನ್ನು ಹಿಡಿದು ಬಿಡುವ ಪುಟ್ಟ ಸಾಧನ) ಹಿಡಿದು ಹೊಡೆಯುತ್ತೀರಿ, 50 ಮೀಟರಿನ ಗುರಿ ಇಟ್ಟುಕೊಂಡಿದ್ದೀರಿ. ಗೆಳೆಯರೊಬ್ಬರು ‘300 ತೆಗೆದುಕೊಳ್ಳಿ, ಅದೇ ಗಟ್ಟಿ’ ಎಂದಿದ್ದಾರೆ. ಬಾಣ ಗಟ್ಟಿಯೇನೋ ಹೌದು. ಆದರೆ ನಿಮ್ಮ ಬಿಲ್ಲಿಗೆ ಅಷ್ಟು ಗಟ್ಟಿತನ ಬೇಕಾಗಿಲ್ಲ.

ಈ ಸಂಖ್ಯೆಯನ್ನು ಸ್ಪೈನ್ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು ನಡುವೆ 880 ಗ್ರಾಂ ತೂಕ ತೂಗಿಬಿಟ್ಟಾಗ ಅದು ಎಷ್ಟು ಬಾಗುತ್ತದೆ ಎಂಬುದರ ಲೆಕ್ಕ. ಅರ್ಧ ಇಂಚು ಬಾಗಿದರೆ 500, ಇಂಚಿನ ಹತ್ತರಲ್ಲಿ ಮೂರು ಪಾಲು ಬಾಗಿದರೆ 300. ಅಂದರೆ ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು. 300, 340ರ ಮಾತು ಹೆಚ್ಚಾಗಿ ಬರುವುದು ಅಮೆರಿಕದ ಬೇಟೆಗಾರರಿಂದ. ಅವರು 70 ಪೌಂಡಿನ ಬಿಲ್ಲಿನಿಂದ ಜಿಂಕೆ ಹೊಡೆಯುತ್ತಾರೆ. ಭಾರದ ಬಾಣ, ಅಲಗಿನ ಮೊನೆ, ಮುಂಭಾರ ಎಲ್ಲವೂ ಅವರಿಗೆ ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತೇ ಇಲ್ಲ. ನಿಮ್ಮ ಬಾಣ ಚುಚ್ಚಬೇಕಾದದ್ದು ಕಾಗದವನ್ನು. ಹಾಗಾಗಿ ಯೂಟ್ಯೂಬಿನಲ್ಲಿ ಕಾಡಿನ ಉಡುಪು ತೊಟ್ಟವರು ಕೊಡುವ ಬಾಣದ ಸಲಹೆಯನ್ನೆಲ್ಲ ಒಂದು ಸಲಕ್ಕೆ ಬದಿಗಿಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕೊಳ್ಳುವ ಮುನ್ನ ನಿಮ್ಮ ಡ್ರಾ ಲೆಂತ್, ಅಂದರೆ ಹೆದೆಯನ್ನು ಎಳೆಯುವ ಉದ್ದ, ಒಂದೇ ಕಡೆ ನಿಂತಿದೆಯೇ ನೋಡಿ. ಹೊಸಬರಲ್ಲಿ ಇದು ನಿಲ್ಲುವುದಿಲ್ಲ. ಮೊದಮೊದಲು ಭುಜ ಎತ್ತಿ, ತಲೆ ಹಿಂದಕ್ಕೆ ವಾಲಿಸಿ ಎಳೆಯುತ್ತೀರಿ. ನಿಲುವು ಸರಿಹೋದಂತೆ ತರಬೇತುದಾರರು ಕ್ಯಾಮ್ ಬದಲಿಸಿ ಅರ್ಧ ಇಂಚು ಆಚೀಚೆ ಮಾಡುತ್ತಾರೆ. ಅದಾದ ಮೇಲೆ ಪೂರ್ತಿ ಎಳೆದು ನಿಂತಾಗ ಇನ್ನೊಬ್ಬರಿಂದ ಬಾಣಕ್ಕೆ ಗುರುತು ಹಾಕಿಸಿ. ಶಾಫ್ಟ್ (ಬಾಣದ ಕೋಲು) ರೆಸ್ಟಿಗಿಂತ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಒಂದು ಇಂಚಾದರೂ ಮುಂದೆ ಚಾಚಿಕೊಂಡಿರಲಿ. ತೀರ ಗಿಡ್ಡ ಮಾಡಿಸಿದರೆ ಎಳೆದಾಗ ತುದಿ ರೆಸ್ಟಿನಿಂದ ಜಾರಿ ಒಳಗೆ ಬೀಳಬಹುದು. ಆ ಕ್ಷಣ ರಿಲೀಸ್ ಒತ್ತಿದರೆ ಬಾಣ ನುಗ್ಗುವುದು ಬಿಲ್ಲು ಹಿಡಿದ ಕೈಗೆ. ಉದ್ದದ ಬಾಣವನ್ನು ಕತ್ತರಿಸಬಹುದು, ಗಿಡ್ಡದ್ದನ್ನು ಏನೂ ಮಾಡಲಾಗದು. ಕತ್ತರಿಸುವುದನ್ನೂ ಮನೆಯ ಗರಗಸದಲ್ಲಿ ಮಾಡಬೇಡಿ, ಕಾರ್ಬನ್ ಸೀಳುತ್ತದೆ. ವೇಗವಾಗಿ ತಿರುಗುವ ಅಪಘರ್ಷಕ ಚಕ್ರ ಇರುವವರ ಬಳಿ ಮಾಡಿಸಿ.

ಈಗ ಲೆಕ್ಕ. 45 ಪೌಂಡ್, 28 ಇಂಚಿನ ಆಸುಪಾಸಿನ ಶಾಫ್ಟ್, 100 ಗ್ರೇನಿನ (ಗ್ರೇನ್ ಎಂದರೆ ಬಾಣ ತೂಗುವ ಪುಟ್ಟ ಅಳತೆ) ಮೊನೆ ಎಂದುಕೊಂಡರೆ ತಯಾರಕರ ಪಟ್ಟಿಗಳು ಹೆಚ್ಚುಕಡಿಮೆ 500ರ ಹತ್ತಿರವೇ ನಿಲ್ಲುತ್ತವೆ. ಶಾಫ್ಟ್ ಉದ್ದವಾದರೆ ಅಥವಾ ಮೊನೆ ಭಾರವಾದರೆ ಅದೇ ಬಾಣ ಮೆದುವಾಗಿ ವರ್ತಿಸುತ್ತದೆ. ಗಿಡ್ಡವಾದರೆ, ಮೊನೆ ಹಗುರವಾದರೆ ಗಡುಸಾಗಿ. ಎರಡು ಸಂಖ್ಯೆಗಳ ನಡುವೆ ಸಿಕ್ಕಿಕೊಂಡರೆ ಗಡುಸಾದದ್ದನ್ನೇ ಆರಿಸಿ. ರಿಲೀಸ್ ಬಳಸುವ ಕಾಂಪೌಂಡ್ ತುಸು ಗಡುಸಾದ ಬಾಣವನ್ನು ಸಹಿಸಿಕೊಳ್ಳುತ್ತದೆ, ಆದರೆ ತೀರ ಮೆದುವಾದದ್ದು ಬಿಡುವಾಗ ಮುರಿಯಬಲ್ಲದು. ಆರು ತಿಂಗಳಲ್ಲಿ 55ಕ್ಕೆ ಏರುವ ಯೋಚನೆ ನಿಜವಾಗಿಯೂ ಇದ್ದರೆ ಮಾತ್ರ 400 ನೋಡಿ. ಸುಮ್ಮನೆ ಆಸೆಗೆ ಬೇಡ. (ಬಿಲ್ಲುಗಾರಿಕೆಯ ಜಾಗತಿಕ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಕಾಂಪೌಂಡಿಗೆ 60 ಪೌಂಡೇ ಮಿತಿ, ಅದಕ್ಕಿಂತ ಮೇಲೆ ಹೋಗುವ ಪ್ರಶ್ನೆ ಇಲ್ಲ.)

ಹಗುರವಾದಷ್ಟೂ ವೇಗ ಎಂದು ಯಾರಾದರೂ ಹೇಳಿದರೆ ಅಲ್ಲೊಂದು ಗೆರೆ ಇದೆ: ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್. ನಿಮ್ಮ 45ಕ್ಕೆ ಮೊನೆ, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು), ಗರಿ ಎಲ್ಲ ಸೇರಿ 225 ಗ್ರೇನ್, ಅಂದರೆ ಸುಮಾರು 14.6 ಗ್ರಾಂ. ಅದಕ್ಕಿಂತ ಕೆಳಗಿಳಿದರೆ ಖಾಲಿ ಹೆದೆ ಬಿಟ್ಟ ಹಾಗೆ ಶಕ್ತಿಯೆಲ್ಲ ಲಿಂಬಿಗೂ (ಬಿಲ್ಲಿನ ಬಾಗುವ ತೋಳು) ಕ್ಯಾಮಿಗೂ ಮರಳಿ ಬಡಿಯುತ್ತದೆ. ತೂಗಲು ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು, ಚಿಕ್ಕಪೇಟೆ ಕಡೆ ಹೋದಾಗ ಒಂದು ತಂದಿಟ್ಟುಕೊಳ್ಳಿ. ಒಂದೇ ಪೆಟ್ಟಿಗೆಯ ಬಾಣಗಳಲ್ಲೂ ತೂಕದ ವ್ಯತ್ಯಾಸ ಕಾಣಿಸುತ್ತದೆ. ಹತ್ತಿರ ಹತ್ತಿರ ತೂಗುವವನ್ನು ಒಂದು ಗುಂಪು ಮಾಡಿಕೊಳ್ಳಬಹುದು.

ದಪ್ಪದ ವಿಷಯ ಬೇಗ ಮುಗಿಸುತ್ತೇನೆ. 18 ಮೀಟರಿನ ಒಳಾಂಗಣದಲ್ಲಿ ದಪ್ಪ ಬಾಣಕ್ಕೆ ಲಾಭ, ಗೆರೆ ಮುಟ್ಟಿದರೆ ಮೇಲಿನ ಅಂಕ ಸಿಗುತ್ತದೆ, ಮಿತಿ 9.3 ಮಿಲಿಮೀಟರ್. 50 ಮೀಟರಿನ ಬಯಲಿನಲ್ಲಿ ಸಣ್ಣ ವ್ಯಾಸದ್ದು ಲೇಸು. ಆಷಾಢದಲ್ಲಿ ನಮ್ಮ ಊರಿನ ಗಾಳಿ ಹೇಗೆ ಬೀಸುತ್ತದೆಂದು ನಿಮಗೆ ಗೊತ್ತೇ ಇದೆ. ಕಲಿಯುವಾಗ ಎರಡು ಬಗೆ ಬೇಡ, ಮಧ್ಯಮ ಗಾತ್ರದ ಸಾಧಾರಣ ಬೆಲೆಯ ಕಾರ್ಬನ್ ಸಾಕು. ರೆಸ್ಟ್‌ಗೆ ತಾಗದಂತೆ ಕೂರಿಸಿದರೆ ಪ್ಲಾಸ್ಟಿಕ್ ಗರಿಗಳೇ ನಡೆಯುತ್ತವೆ. ಬಿದಿರಿನ ಬಿಲ್ಲಿನಿಂದ ಹೊಡೆಯುವ ನಮ್ಮ ಇಂಡಿಯನ್ ರೌಂಡ್‌ನವರ ಬಿದಿರಿನ ಬಾಣವನ್ನಂತೂ ತಮಾಷೆಗೂ ಕಾಂಪೌಂಡಿಗೆ ಏರಿಸಬೇಡಿ, ಸಿಡಿಯುತ್ತದೆ.

ಬಾಣಕ್ಕೆ ಅಷ್ಟು ದುಡ್ಡು ಸುರಿದವರೂ ನಾಕ್ ಕಡೆ ನೋಡುವುದಿಲ್ಲ, ನನಗೆ ಅದೇ ಆಶ್ಚರ್ಯ. ಬಾಣವನ್ನು ಹೆದೆಗೆ ಸಿಕ್ಕಿಸಿದಾಗ ಮೆಲ್ಲಗೆ ‘ಟಿಕ್’ ಎನ್ನಬೇಕು. ಬಿಲ್ಲನ್ನು ಅಡ್ಡ ಹಿಡಿದು ಹೆದೆಯಿಂದ ಬಾಣವನ್ನು ಕೆಳಮುಖವಾಗಿ ಇಳಿಬಿಡಿ: ತಾನಾಗಿ ಬೀಳಬಾರದು, ಪಕ್ಕದಲ್ಲಿ ಹೆದೆಗೆ ಬೆರಳಿನಿಂದ ತಟ್ಟಿದರೆ ಬೀಳಬೇಕು. ಸಡಿಲವಿದ್ದರೆ ಎಳೆಯುವಾಗ ಕಳಚಿಕೊಂಡೀತು, ಬಿಗಿಯಿದ್ದರೆ ಬಾಣ ಹೆದೆಯನ್ನು ಕಚ್ಚಿಕೊಂಡು ಗುರಿ ಕೆಡಿಸೀತು. ಹೆದೆಗೆ ಸುತ್ತಿದ ದಾರದ ದಪ್ಪ ಬದಲಿಸಿಯೂ ಇದನ್ನು ಸರಿಮಾಡಬಹುದು.

ಪ್ರತಿ ಸಲ ಹಲಗೆಯಿಂದ ಕಿತ್ತ ಮೇಲೆ, ಮುಖ್ಯವಾಗಿ ಬಾಣಕ್ಕೆ ಬಾಣ ತಗುಲಿದಾಗ, ಎರಡೂ ತುದಿ ಹಿಡಿದು ಮುಖದಿಂದ ದೂರಕ್ಕೆ ಮೆಲ್ಲಗೆ ಬಾಗಿಸಿ, ತಿರುಗಿಸುತ್ತ ಕಿವಿಗೊಡಿ. ಚಟಪಟ ಸದ್ದು ಬಂದರೆ ಆ ಬಾಣದ ಆಯಸ್ಸು ಮುಗಿಯಿತು. ಸೀಳು ಹುಡುಕಲು ಬೆರಳಾಡಿಸಬೇಡಿ, ಹತ್ತಿಯ ಉಂಡೆಯನ್ನು ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೀಳಿದೆ.

ಎಷ್ಟು ಕೊಳ್ಳಬೇಕು? 50 ಮೀಟರ್ ಸ್ಪರ್ಧೆಯಲ್ಲಿ ಒಂದು ಸುತ್ತಿಗೆ 6 ಬಾಣದಂತೆ ಒಟ್ಟು 72 ಬಾಣ ಬಿಡಬೇಕು. ಮುರಿದು ಹೋಗುವುದನ್ನೂ ಲೆಕ್ಕ ಹಿಡಿದು ಡಜನ್ ಕೊಂಡುಬಿಡಿ, ಆಮೇಲೆ ಅದೇ ಜೋಡಿ ಸಿಗುವ ಭರವಸೆಯಿಲ್ಲ. ಶಾಫ್ಟಿನ ಮೇಲೆ ಹೆಸರಿನ ಅಕ್ಷರವನ್ನೂ ಒಂದರಿಂದ ಹನ್ನೆರಡರವರೆಗೆ ಸಂಖ್ಯೆಯನ್ನೂ ಬರೆಯಿರಿ. ಏಳನೆಯದೋ ಒಂಬತ್ತನೆಯದೋ ಪ್ರತಿ ಸಲವೂ ಗುಂಪಿನಿಂದ ಹೊರಗೆ ಹೋಗುತ್ತಿದ್ದರೆ ಎಸೆಯುವ ಮುನ್ನ ಅದರ ನಾಕ್ ಅನ್ನು ಒಂದು ಗರಿಯಷ್ಟು ತಿರುಗಿಸಿ ಮತ್ತೊಮ್ಮೆ ಹೊಡೆದು ನೋಡಿ.