ಅದು ಗಾಳಿಯಲ್ಲ, ಮೇಣ ಬಿಟ್ಟುಹೋದ ಜಾಗ

ಪ್ರಶ್ನೆ: ಗ್ಲಾಸಿನೊಳಗೆ ಇಟ್ಟು ಹಚ್ಚುವ ಪುಟ್ಟ ವೋಟಿವ್ ಮೇಣದಬತ್ತಿಗಳನ್ನು ಮನೆಯಲ್ಲೇ ಮಾಡುತ್ತೇನೆ. ಒಳಗೆ, ಬತ್ತಿಯ ಪಕ್ಕದಲ್ಲಿ ಪೊಳ್ಳು ಬೀಳುತ್ತಿದೆ. ಮೇಣ ಸುರಿದ ಕೂಡಲೇ ಅಚ್ಚನ್ನು ತಟ್ಟಿದರೂ ಗಾಳಿ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ಜೊತೆಗೆ ಆ ತಟ್ಟುವ ವಿಚಾರವೂ ಬಂದೇ ಬರುತ್ತದೆ. ಯಾರು ಕಲಿಸಿದರೋ! ಒಳಗೆ ಗಾಳಿ ಇದ್ದರೆ ತಾನೇ ತಟ್ಟಿದಾಗ ಹೋಗುವುದು? ನೀವು ಮೇಣ ಸುರಿದಾಗ ಆ ಪೊಳ್ಳು ಇರಲೇ ಇಲ್ಲ. ಅದು ಹುಟ್ಟಿದ್ದು ಆಮೇಲೆ, ಮೇಣ ಆರುವಾಗ.

ಪ್ಯಾರಾಫಿನ್ ಮೇಣ ಗಟ್ಟಿಯಾಗುವಾಗ ಶೇ 10ರಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಕುಗ್ಗುತ್ತದೆ. ಅಚ್ಚಿನ ಗೋಡೆಗೆ ತಾಗಿದ ಮೇಣ ಮತ್ತು ಮೇಲಿನ ಕೆನೆ ಮೊದಲು ಬಿಗಿಯುತ್ತವೆ. ನಡುವಿನದು ಕೊನೆಗೆ. ಅದು ಕುಗ್ಗುವ ಹೊತ್ತಿಗೆ ಮೇಲಿಂದ ಇಳಿದು ತುಂಬಿಕೊಳ್ಳಲು ಹಸಿ ಮೇಣವೇ ಉಳಿದಿರುವುದಿಲ್ಲ. ಹಾಗಾಗಿ ನಡುವೆ ಟೊಳ್ಳಾಗುತ್ತದೆ. ಬತ್ತಿ ಇರುವುದೂ ನಡುವೆಯೇ ಅಲ್ವಾ?

ದಾರಿ ಒಂದೇ: ಎರಡು ಸಲ ಸುರಿಯುವುದು. ಕರಗಿಸಿದ ಮೇಣದಲ್ಲಿ ಆರನೇ ಒಂದು ಭಾಗವನ್ನು ಮೊದಲೇ ಎತ್ತಿಡಿ. ಇಲ್ಲದಿದ್ದರೆ ಆಮೇಲೆ ಬಣ್ಣ ಹೊಂದಿಸಲು ಪರದಾಡುತ್ತೀರಿ. ಮೊದಲ ಸಲ ಸುರಿದ ಮೇಣ ಕೆನೆಕಟ್ಟಿ, ಮುಟ್ಟಿದರೆ ರಬ್ಬರಿನಂತೆ ಆದಾಗ ಬತ್ತಿಯ ಸುತ್ತ ಮೂರು-ನಾಲ್ಕು ಕಡೆ ತೆಳು ಕಡ್ಡಿಯಿಂದ ಚುಚ್ಚಿ. ಆಳಕ್ಕೆ ಹೋಗಬೇಕು, ತಳ ಮುಟ್ಟಬಾರದು. ತೂತು ಮುಚ್ಚಿಕೊಂಡರೆ ಮತ್ತೆ ಚುಚ್ಚಿ. ಇಲ್ಲೇ ಎಲ್ಲರೂ ಸೋಮಾರಿಗಳಾಗುವುದು. ಒಮ್ಮೆ ಚುಚ್ಚಿ ಟೀ ಕುಡಿಯಲು ಹೋದರೆ ಮುಗಿಯಿತು.

ಮೇಣ ಪೂರ್ತಿ ತಣ್ಣಗಾಗುವ ಮೊದಲು, ಇನ್ನೂ ಬೆಚ್ಚಗಿರುವಾಗಲೇ, ಎತ್ತಿಟ್ಟದ್ದನ್ನು ಸುರಿಯಿರಿ. ಇದು ಮೊದಲಿನದಕ್ಕಿಂತ ಸುಮಾರು 5 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ ಇರಲಿ: ಮೊದಲು 80 ಇದ್ದರೆ ಈಗ 85. ತಣ್ಣಗಿದ್ದರೆ ಹಳೆಯದಕ್ಕೆ ಬೆಸೆಯದೆ ಗೆರೆ ಕಾಣುತ್ತದೆ. ಮೊದಲ ಮಟ್ಟ ದಾಟಿಸಬೇಡಿ. ದಾಟಿದರೆ ಬಿಸಿ ಮೇಣ ಅಚ್ಚಿನ ಗೋಡೆಯ ಸಂದಿಗೆ ಇಳಿಯುತ್ತದೆ, ಮೇಣದಬತ್ತಿ ಅಚ್ಚಿನಿಂದ ಸುಲಭವಾಗಿ ಹೊರಬರುವುದಿಲ್ಲ.

ಹೇರ್ ಡ್ರೈಯರ್ ಹಿಡಿದು ಮೇಲ್ಗಡೆ ನುಣ್ಣಗೆ ಮಾಡಿ "ಸರಿಹೋಯಿತು" ಎನ್ನುವವರ ಮಾತು ಕೇಳಬೇಡಿ. ಅದು ಗುಂಡಿಯ ಮೇಲೆ ಹಾಸು ಹಾಕಿದಂತೆ. ಉರಿ ಆ ಪೊಳ್ಳಿಗೆ ತಲುಪಿದಾಗ ಕರಗಿದ ಮೇಣವೆಲ್ಲ ಸೊರ್ರನೆ ಒಳಗಿಳಿಯುತ್ತದೆ, ಬತ್ತಿಯ ದಾರ ಬರಿದಾಗಿ ನಿಂತು ಜ್ವಾಲೆ ಎದ್ದು ಹೊಗೆ ಕಾರುತ್ತದೆ. ಇಂಥ ಒಂದನ್ನು ನಾನೇ ಯಾರಿಗೋ ಉಡುಗೊರೆ ಕೊಟ್ಟಿದ್ದೆ. ಅಂದಿನಿಂದ ಪ್ರತಿ ಸಲ ಮಾಡಿದಾಗಲೂ ಒಂದು ಮೇಣದಬತ್ತಿಯನ್ನು ಉದ್ದಕ್ಕೆ ಸೀಳಿ ನೋಡದೆ ಯಾರಿಗೂ ಕೊಡುವುದಿಲ್ಲ. ನೀವೂ ಒಂದನ್ನು ಬಲಿಕೊಡಿ.

ಪ್ರಶ್ನೆ: ಬೇಗ ಆರಲಿ ಅಂತ ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ: ಪೊಳ್ಳು ದೊಡ್ಡದಾಗಬೇಕಿದ್ದರೆ ಇಡಿ.

ಪ್ರಶ್ನೆ: ಮೇಣದಬತ್ತಿಯ ಮೈಮೇಲೆ ಪುಟ್ಟ ಪುಟ್ಟ ಗುಳ್ಳೆಗಳು ಏಳುತ್ತವೆ.

ಉತ್ತರ: ಇದು ಮಾತ್ರ ನಿಜವಾದ ಗಾಳಿ. ತಣ್ಣನೆಯ ಅಚ್ಚು, ಅವಸರದ ಸುರಿತ. ಅಚ್ಚು ಬೆಚ್ಚಗಿರಲಿ, ಒಂದು ಹನಿ ನೀರೂ ಇರಬಾರದು. ಇದಕ್ಕೆ ಬೇಕಾದರೆ ಮೆಲ್ಲಗೆ ತಟ್ಟಿಕೊಳ್ಳಿ.

ಪ್ರಶ್ನೆ: ಸೋಯಾ ಮೇಣ ಕುಗ್ಗುವುದೇ ಇಲ್ಲವಂತೆ?

ಉತ್ತರ: ಕಡಿಮೆ ಕುಗ್ಗುತ್ತದೆ. ಮಾರುವವರು ಹೇಳುವಷ್ಟು ಕಡಿಮೆಯಲ್ಲ.

ಪ್ರಶ್ನೆ: ಬಣ್ಣಕ್ಕೆ ಕ್ರೇಯಾನ್, ಪರಿಮಳಕ್ಕೆ ಮೈಗೆ ಹಾಕುವ ಸೆಂಟು?

ಉತ್ತರ: ಕ್ರೇಯಾನ್ ಬತ್ತಿಯ ದಾರದಲ್ಲಿ ಕಟ್ಟಿಕೊಳ್ಳುತ್ತದೆ, ಮೇಣ ಸರಿಯಾಗಿ ಮೇಲೇರುವುದಿಲ್ಲ. ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ. ಬಿಸಿ ಮೇಣದ ಹತ್ತಿರ ಅದನ್ನು ತರಲೇಬೇಡಿ.

ಪ್ರಶ್ನೆ: ಮೇಣವನ್ನು ನೇರ ಉರಿಯ ಮೇಲೆ ಕರಗಿಸಿದರೆ ಏನಾಗುತ್ತದೆ?

ಉತ್ತರ: ಕುದಿಯುವ ಸುಳಿವೂ ಕೊಡದೆ ಹೊತ್ತಿಕೊಳ್ಳಬಹುದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಅಲ್ಲಿಂದ ಕದಲಬೇಡಿ. ಹೊತ್ತಿಕೊಂಡರೆ ನೀರು ಹಾಕಬೇಡಿ. ಸ್ಟವ್ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ.